ಬೆಣ್ಣೆಗೆ ಜಾಗವಿದೆ, ಮದ್ದಿಗೆ ಜಾಗವಿಲ್ಲವೇ?



ಹದಿನೆಂಟು ವರ್ಷ ಒಂದೇ ಹೋಟೆಲಿನ ದೋಸೆಕಲ್ಲಿನ ಮುಂದೆ ಬೆಂದ ನಮ್ಮ ಮಿತ್ರರೊಬ್ಬರಿಗೆ ಈಗ ಕ್ಯಾನ್ಸರ್. ಕೀಮೋ ಆದ ಮರುದಿನದಿಂದ ಐದು ದಿನ ದಿನಕ್ಕೊಂದು ಫಿಲ್‌ಗ್ರಾಸ್ಟಿಮ್ ಇಂಜೆಕ್ಷನ್ ಆಗಬೇಕೆಂದು ಡಾಕ್ಟರು ಬರೆದುಕೊಟ್ಟರು. ಈ ಮದ್ದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕು. ಹನ್ನೆರಡು ಮಂದಿ ಚಾಪೆ ಹಾಸುವ ಮಾಳಿಗೆಗೆ ಫ್ರಿಜ್ಜು ಎಲ್ಲಿಂದ ಬರಬೇಕು? ಹೋಟೆಲಿನ ಫ್ರಿಜ್ಜಿನಲ್ಲಿ ಒಂದು ಮೂಲೆ ಕೇಳಿದೆವು. "ಗಿರಾಕಿಗಳು ಏನೆಂದಾರು? ಊರಿಗೆ ಹೋಗಿ ಗುಣ ಮಾಡಿಕೊಂಡು ಬಾ" ಎಂದರು ಗಲ್ಲೆಯಲ್ಲಿ ಕೂತ ಧಣಿಗಳು.

ಬೆಣ್ಣೆಗೆ ಜಾಗವಿದೆ, ಸೋಡಾ ಬಾಟಲಿಗೆ ಜಾಗವಿದೆ. ಬೆಣ್ಣೆ ದೋಸೆ ಹೊಯ್ದ ಕೈಯ ಮದ್ದಿಗೆ ಜಾಗವಿಲ್ಲ! ಮುಚ್ಚಿದ ಡಬ್ಬಿಯಲ್ಲಿಟ್ಟ ಮದ್ದಿನಿಂದ ಯಾವ ಗಿರಾಕಿಗೆ ಏನಾದೀತು?

ಈ ಮದ್ದು ಏಕೆ ಬೇಕೆಂದು ನಾವೂ ತಿಳಿದಿರಬೇಕು. ಕೀಮೋ ರೋಗವನ್ನು ಕೊಲ್ಲುವಾಗ ರಕ್ತದ ಬಿಳಿ ಕಣಗಳನ್ನೂ ಇಳಿಸುತ್ತದೆ. ಆಗ ಸಣ್ಣ ಸೋಂಕೂ ಪ್ರಾಣಕ್ಕೆ ಬರುತ್ತದೆ. ಫಿಲ್‌ಗ್ರಾಸ್ಟಿಮ್ ಎಲುಬಿನ ಮಜ್ಜೆಯನ್ನು ಚುರುಕುಗೊಳಿಸಿ ಬಿಳಿ ಕಣ ಹೆಚ್ಚಿಸುತ್ತದೆ. ಎಲ್ಲ ರೋಗಿಗೂ ಇದು ಬೇಡ. ಯಾರಿಗೆ, ಎಷ್ಟು ದಿನ ಎಂಬುದು ಡಾಕ್ಟರ ಮಾತು. ಎಲುಬು ನೋಯಬಹುದು, ಅದನ್ನು ಅವರಿಗೆ ಹೇಳಿ. ಆದರೆ ಕೀಮೋ ನಡೆಯುವಾಗ ಜ್ವರ 38 ಡಿಗ್ರಿ ಮುಟ್ಟಿದರೆ ಮಾತ್ರೆ ನುಂಗಿ ಮಲಗಬೇಡಿ. ರಾತ್ರಿಯಾದರೂ ಆಸ್ಪತ್ರೆಗೆ ಓಡಿ.

ಇನ್ನು ಬೆಲೆಯ ಮಾತು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಇದನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ನಮ್ಮ ದೇಶದಲ್ಲೇ 2001ರಿಂದ ಇದು ತಯಾರಾಗುತ್ತಿದೆ. ಆದರೂ ಒಂದು ಅಂಗಡಿಯವನು ಡಬ್ಬಿಯ ಮೇಲೆ ಅಚ್ಚಾದ ಬೆಲೆಯನ್ನೇ ಹಿಡಿದು ಕೂತ. ಪಕ್ಕದ ಬೀದಿಯವನು ಅದೇ ಮದ್ದನ್ನು ಎಷ್ಟೋ ಕಡಿಮೆಗೆ ಕೊಟ್ಟ. ಗರಿಷ್ಠ ಬೆಲೆ ಎಂದರೆ ಅದನ್ನು ದಾಟಬಾರದು ಎಂದರ್ಥ. ಅಷ್ಟನ್ನೂ ಸುಲಿಯಬೇಕು ಎಂದಲ್ಲ. ಕ್ಯಾನ್ಸರ್ ಆಸ್ಪತ್ರೆಗಳು ರಾಷ್ಟ್ರೀಯ ಕ್ಯಾನ್ಸರ್ ಜಾಲದ ಮೂಲಕ ಒಟ್ಟಾಗಿ ದರ ಕೇಳಿದಾಗ 40 ಔಷಧಗಳ ಬೆಲೆ ಬಹುಪಾಲು ಇಳಿಯಿತು. ಒಬ್ಬೊಬ್ಬರೇ ಕೇಳಿದರೆ ಬೇಡಿಕೊಂಡಂತೆ, ಒಟ್ಟಾಗಿ ಕೇಳಿದರೆ ಬೇಡಿಕೆ! ಸಂಘ ಕಟ್ಟಿದ ನಮಗೆ ಇದು ಹೊಸ ಪಾಠವೇ?

ಹತ್ತು ಮಂದಿ ದುಡಿಯುವ ಹೋಟೆಲಿಗೂ ಇ.ಎಸ್.ಐ. ಅನ್ವಯಿಸುತ್ತದೆ. 15,000 ರೂಪಾಯಿ ಸಂಬಳಕ್ಕೆ ಧಣಿಗಳ ಪಾಲು ನೂರಕ್ಕೆ 3.25ರಂತೆ ತಿಂಗಳಿಗೆ 487 ರೂಪಾಯಿ 50 ಪೈಸೆ. ದಿನಕ್ಕೆ 16 ರೂಪಾಯಿ ಚಿಲ್ಲರೆ. ಒಂದು ಪ್ಲೇಟು ಇಡ್ಲಿಯ ಬೆಲೆಯೂ ಅಲ್ಲ! ಇಷ್ಟನ್ನು ಉಳಿಸಲು ನಮ್ಮ ಹೆಸರನ್ನೇ ಪುಸ್ತಕದಲ್ಲಿ ಬರೆಯದವರು ವರ್ಷಕ್ಕೊಮ್ಮೆ ಪೂಜೆಗೆ ಸಾವಿರಾರು ರಸೀದಿ ಹರಿಸುತ್ತಾರೆ. ಎರಡು ವರ್ಷ ಚಂದಾ ಕಟ್ಟಿದ ಕ್ಯಾನ್ಸರ್ ರೋಗಿಗೆ ದೀರ್ಘ ಕಾಲ ಸಂಬಳದ ನೂರಕ್ಕೆ 80ರಷ್ಟು ಸಿಗುವ ದಾರಿ ಅಲ್ಲಿದೆ. ನಮ್ಮ ಮಿತ್ರರಿಗೆ ಹದಿನೆಂಟು ವರ್ಷದಲ್ಲಿ ಒಂದು ದಿನದ ಚಂದಾ ಕಟ್ಟಿರಲಿಲ್ಲ.

ತಪ್ಪು ನಮ್ಮದೂ ಇದೆ. ನೂರಕ್ಕೆ 75 ಪೈಸೆ ಕಡಿತವಾಗುತ್ತದೆಂದು "ನನ್ನ ಹೆಸರು ಬೇಡ" ಎಂದವರು ನಮ್ಮಲ್ಲೇ ಇದ್ದಾರೆ. ಕೆಲಸ ಹೋದೀತೆಂದು ಗಂಟನ್ನು ಅಂಗಿಯೊಳಗೆ ಮುಚ್ಚಿಟ್ಟವರೂ ಇದ್ದಾರೆ. ಮುಚ್ಚಿಟ್ಟ ರೋಗ ಧಣಿಗೆ ಲಾಭ, ನಮಗೆ ಮಣ್ಣು.

ಆದ್ದರಿಂದ ನಾವು ಕೇಳುವುದು ಇಷ್ಟೇ: ಪ್ರತಿಯೊಬ್ಬನ ಹೆಸರು ಇ.ಎಸ್.ಐ.ಗೆ ಸೇರಲಿ. ಕೀಮೋದ ದಿನಗಳಿಗೆ ರಜೆ ಸಿಗಲಿ. ಫ್ರಿಜ್ಜಿನಲ್ಲಿ, ಹಿಮಗಟ್ಟದ ಕಡೆ, ಒಂದು ಗೇಣು ಜಾಗ ಇರಲಿ. ಇದು ದಾನವಲ್ಲ, ನಮ್ಮ ಬೆವರಿನ ಬಾಕಿ.

ಆ ಐದು ಡಬ್ಬಿಗಳನ್ನು ಕೊನೆಗೆ ಪಕ್ಕದ ಚಾಳಿನ ಗಿರಣಿ ಕಾರ್ಮಿಕರ ಮನೆಯ ತಾಯಿಯೊಬ್ಬರು ತಮ್ಮ ಹಾಲಿನ ಪಾತ್ರೆ ಸರಿಸಿ ಇಟ್ಟುಕೊಂಡರು. ಬಡವರ ಫ್ರಿಜ್ಜಿನಲ್ಲಿ ಸಿಕ್ಕ ಜಾಗ ಧಣಿಗಳ ಫ್ರಿಜ್ಜಿನಲ್ಲೂ ಸಿಗುವವರೆಗೆ ನಾವು ಸುಮ್ಮನಿರುವುದಿಲ್ಲ.