ಕಾಟು ಹೊಡೆದ ಮಾತು

ಈ ಸಂಚಿಕೆಯ ಕರಡಚ್ಚು ರಾಜಾಜಿನಗರದ ಪ್ರೆಸ್ಸಿನಿಂದ ಮೂರನೆಯ ಸಲ ಬಂದಾಗಲೂ ಒಂದು ಪದಕ್ಕೆ ಕಾಟು ಹೊಡೆದು ಇನ್ನೊಂದು ಬರೆದೆ. ‘ಇನ್ನೂ ಮುಗೀಲಿಲ್ವಾ ಸಾರ್?’ ಅಂದ ಪುಟ ಕಟ್ಟುವ ಹುಡುಗ. ಸಂವಿಧಾನ ಬರೆದು ಮುಗಿದ ನವೆಂಬರ್ ತಿಂಗಳ ಸಂಚಿಕೆ, ನನಗೆ ಅದರ ಮೊದಲ ಕರಡು ಬರೆದ ಬೆನಗಲ್ ನರಸಿಂಗ ರಾಯರು ನೆನಪಾದರು.

ಮಂಗಳೂರಿನಲ್ಲಿ 1887ರಲ್ಲಿ ಹುಟ್ಟಿದ ರಾಯರು ಐಸಿಎಸ್ ಅಧಿಕಾರಿ, ಕಲ್ಕತ್ತಾ ಹೈಕೋರ್ಟಿನ ನ್ಯಾಯಮೂರ್ತಿ. 1946ರಲ್ಲಿ ಸಂವಿಧಾನ ಸಭೆಯ ಸಲಹೆಗಾರರಾದರು. ಸದಸ್ಯರಲ್ಲ, ಮತವಿಲ್ಲ, ಸಂಬಳವನ್ನೂ ಪಡೆಯಲಿಲ್ಲ. 1947ರ ಅಕ್ಟೋಬರಿನಲ್ಲಿ ಅವರು ಕೊಟ್ಟ ಮೊದಲ ಕರಡಿನಲ್ಲಿ 243 ವಿಧಿ, 13 ಅನುಸೂಚಿಗಳಿದ್ದವು. ಅಂಬೇಡ್ಕರರ ಸಮಿತಿ ತಿದ್ದಿ, ಸಭೆ ಚರ್ಚಿಸಿ ಮುಗಿಸಿದಾಗ 395 ವಿಧಿ, 8 ಅನುಸೂಚಿ. 1949ರ ನವೆಂಬರ್ 25ರಂದು ಅಂಬೇಡ್ಕರರು, ತಮಗೆ ಸಲ್ಲುತ್ತಿರುವ ಶ್ರೇಯಸ್ಸಿನಲ್ಲಿ ರಾಯರಿಗೂ ಪಾಲಿದೆಯೆಂದು ಸಭೆಯಲ್ಲೇ ಹೇಳಿದರು.

ನನ್ನನ್ನು ಕಾಡುವುದು ಆ ಕರಡಿನ ಒಂದೇ ಒಂದು ಕಾಟು. ಜೀವ ಮತ್ತು ಸ್ವಾತಂತ್ರ್ಯದ ವಿಧಿಯಲ್ಲಿ ರಾಯರು ಮೊದಲು ಅಮೆರಿಕದ ‘ಡ್ಯೂ ಪ್ರೋಸೆಸ್’, ಎಂದರೆ ನ್ಯಾಯವಾದ ಕ್ರಮ, ಎಂಬ ಮಾತನ್ನಿಟ್ಟಿದ್ದರು. ಕರಡು ಕೊಟ್ಟು ಅಮೆರಿಕಕ್ಕೆ ಹೋದಾಗ ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಎಚ್ಚರಿಸಿದರು: ಜನ ಆರಿಸಿದವರು ಮಾಡಿದ ಕಾನೂನನ್ನು ಕೆಲವೇ ನ್ಯಾಯಾಧೀಶರು ತಳ್ಳಿಹಾಕಲು ಇದು ದಾರಿಯಾಗುತ್ತದೆ. ರಾಯರು ಮರಳಿದ ಮೇಲೆ ಆ ಮಾತು ಹೋಯಿತು. ಅದರ ಜಾಗಕ್ಕೆ, ಯುದ್ಧದಲ್ಲಿ ಸೋತ ಜಪಾನ್ 1946ರಲ್ಲಿ ಅಂಗೀಕರಿಸಿದ ಸಂವಿಧಾನದ ಜಾಡಿನಲ್ಲಿ, ‘ಕಾನೂನು ಗೊತ್ತುಪಡಿಸಿದ ಕ್ರಮ’ ಎಂಬರ್ಥದ ಮಾತು ಬಂತು. ಅದೇ ಇಂದಿನ 21ನೆಯ ವಿಧಿ.

ಜಮೀನ್ದಾರಿ ಹೋಗಬೇಕಿದ್ದ ಕಾಲದಲ್ಲಿ ಶಾಸನಸಭೆಯ ಕೈ ಕಟ್ಟಬಾರದೆಂಬ ಯೋಚನೆಗೆ ಅರ್ಥವಿತ್ತು. ಬೆಲೆಯೂ ಇತ್ತು. 1950ರಲ್ಲಿ ವಿಚಾರಣೆಯಿಲ್ಲದೆ ಬಂಧನದಲ್ಲಿದ್ದ ಎ.ಕೆ. ಗೋಪಾಲನ್ ಮೊರೆಯಿಟ್ಟಾಗ, ಕಾನೂನಿನಲ್ಲಿ ಕ್ರಮವೊಂದಿದ್ದರೆ ಸಾಕು, ಅದು ನ್ಯಾಯವೇ ಎಂದು ಕೇಳಲಾಗದು ಎಂದಿತು ಸುಪ್ರೀಂ ಕೋರ್ಟು. 1978ರಲ್ಲಿ, ಮೇನಕಾ ಗಾಂಧಿ ಪ್ರಕರಣದಲ್ಲಿ, ಅದೇ ನ್ಯಾಯಾಲಯ ಅದೇ ಮಾತನ್ನು ಬೇರೆಯಾಗಿ ಓದಿತು: ಆ ಕ್ರಮ ನ್ಯಾಯವೂ ಆಗಿರಬೇಕು. ಕಾಟು ಬಿದ್ದ ಮಾತು ಹಿತ್ತಲ ಬಾಗಿಲಿಂದ ಮನೆಗೆ ಬಂದಿತ್ತು. ರಾಯರು ತೀರಿಕೊಂಡು ಆಗಲೇ 24 ವರ್ಷ.

ಪ್ರೆಸ್ಸಿನ ದಾರಿಯಲ್ಲಿ ರಾಜಾಜಿಯವರ ಹೆಸರಿನ ಬಡಾವಣೆ, ಕೆ.ಟಿ. ಭಾಷ್ಯಂ ಹೆಸರಿನ ವೃತ್ತ ಸಿಗುತ್ತವೆ. ರಾಯರು ಸಿಗಬೇಕಾದರೆ 21ನೆಯ ವಿಧಿ ತೆರೆಯಬೇಕು, ಅಲ್ಲಿ ಉಳಿದದ್ದರ ಜೊತೆಗೆ ಹೋದದ್ದನ್ನೂ ಓದಬೇಕು. ಬರೆಯುವವನ ತೀರ್ಮಾನ ಒಂದು ದಿನದ್ದು, ಓದುವವರದು ಮುಗಿಯುವುದಿಲ್ಲ. ಹುಡುಗನಿಗೆ ‘ಮುಗೀತಪ್ಪ, ಅಚ್ಚಿಗೆ ಹಾಕು’ ಅಂದೆ. ಇನ್ನು ಕಾಟು ಹೊಡೆಯುವ ಸರದಿ ನಿಮ್ಮದು.

— ಸಂಪಾದಕ