ಬೀಗ ದೊಡ್ಡದು, ಸೂರು ತಗಡು

ಹಿತ್ತಲಲ್ಲಿ ಇಟ್ಟಿಗೆ ವರ್ಕ್‌ಶಾಪ್ ಕಟ್ಟೋಣ ಅಂದ್ರೆ ನಾವೆಲ್ಲ ಮೊದಲು ಮಾತಾಡೋದು ಬೀಗದ ಬಗ್ಗೆ. 9 ಇಂಚಿನ ಗೋಡೆ, ಕಬ್ಬಿಣದ ಬಾಗಿಲು, ಅಂಗೈ ಅಗಲದ ಬೀಗ. ಮೇಲೆ? ತಗಡು ಶೀಟು! ಅದನ್ನು ಹಿಡಿದಿರುವ ಜೆ-ಹುಕ್ಕಿನ ನಟ್ಟುಗಳು ಇರೋದೇ ಹೊರಗಡೆ. ಕಳ್ಳನಿಗೆ ಒಂದು ಸ್ಪ್ಯಾನರ್ ಸಾಕು. ಪಾಕೆಟ್ ಮನಿ ಕೂಡಿಟ್ಟು ತಂದ ಡ್ರಿಲ್ಲು, ವೆಲ್ಡಿಂಗ್ ಸೆಟ್ಟು, ಅರ್ಧ ಮುಗಿದ ಪ್ರಾಜೆಕ್ಟು ಎಲ್ಲಾ ಹೋದಂಗೇ.

ಗೋಡೆಯನ್ನು ರ‍್ಯಾಟ್ ಟ್ರ್ಯಾಪ್ ಬಾಂಡಿನಲ್ಲಿ ಕಟ್ಟಿಸೋದು ಮೇಲು ಅಂತ ನಮ್ಮ ವಾದ. ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ನಡುವೆ ಟೊಳ್ಳು ಬಿಡುವ ಈ ಕ್ರಮವನ್ನು ಲಾರಿ ಬೇಕರ್ ಕೇರಳದಲ್ಲಿ ಬಹಳ ಬಳಸಿದರು. ಇಟ್ಟಿಗೆ ಸುಮಾರು ಕಾಲು ಭಾಗ ಉಳಿಯುತ್ತೆ. ಆ ದುಡ್ಡನ್ನು ಕಾಂಕ್ರೀಟ್ ಸ್ಲ್ಯಾಬಿಗೆ ಸೇರಿಸಿ. ಟೊಳ್ಳು ಗೋಡೆ ಬೇಡ ಅಂತ ಮೇಸ್ತ್ರಿ ಗೊಣಗಬಹುದು. ಮೂಲೆ, ಬಾಗಿಲ ಪಕ್ಕ ಗಟ್ಟಿಯಾಗಿ ತುಂಬಿಸಿದರೆ ಆಯ್ತು. ಬಾಗಿಲು ಹೊರಕ್ಕೆ ತೆರೆಯೋದಾದರೆ ಹಿಂಜ್ ಪಿನ್ನಿಗೂ ವೆಲ್ಡ್ ಹೊಡೆಸಿ.