ಕನ್ನಡ ಬರಲ್ಲ ಅನ್ನೋದು ಯಾರ ತಪ್ಪು?

ನರಸಿಂಹರಾಜಪುರ ತಾಲೂಕಿಗೆ ಕೇರಳದಿಂದ ಜನ ಬಂದು ನೆಲೆಸಿ ತಲೆಮಾರುಗಳೇ ಕಳೆದಿವೆ. ಮುತ್ತಿನಕೊಪ್ಪದ ಸೀಮೆಯಲ್ಲಿ ರಬ್ಬರ್ ಬೆಳೆಸಿದ ಆ ಹಿರಿಯರಿಗೆ ಕನ್ನಡ ಕಲಿಸಿದ್ದು ಪುಸ್ತಕವಲ್ಲ. ಅಂಗಡಿ, ಬಸ್ಸು, ತಾಲೂಕು ಕಚೇರಿ. ಪಹಣಿ ಇರೋದು ಕನ್ನಡದಲ್ಲಿ. ಅದು ಅರ್ಥವಾಗದಿದ್ದರೆ ಜಮೀನೇ ಕೈತಪ್ಪೀತೆಂಬ ಭಯ. ಹಾಗಾಗಿ ಕಲಿತರು. ಮೊಮ್ಮಕ್ಕಳು ಮನೆಯಲ್ಲಿ ಮಲಯಾಳಂ, ಬೀದಿಯಲ್ಲಿ ಕನ್ನಡ ಅಂತ ಸಲೀಸಾಗಿ ದಾಟುತ್ತಾರೆ.

ಈಗ ಮಲೆನಾಡಿನ ತೋಟಗಳಿಗೆ ಅಸ್ಸಾಮಿನಿಂದ ಕೂಲಿಯವರು ಬರ್ತಿದ್ದಾರೆ. ಅವರಿಗೆ ಜಮೀನಿಲ್ಲ, ಪಹಣಿಯಿಲ್ಲ. ತೋಟದ ಯಜಮಾನರು ಹರಕುಮುರುಕು ಹಿಂದಿಯಲ್ಲೇ ಕೆಲಸ ಹೇಳಿ ಮುಗಿಸುತ್ತಾರೆ; ಉಳಿದದ್ದಕ್ಕೆ ಮೇಸ್ತ್ರಿ. ಕೂಲಿಯ ಲೆಕ್ಕ ಮೇಸ್ತ್ರಿ ಹೇಳಿದ್ದೇ ಲೆಕ್ಕ. ಜ್ವರ ಬಂದರೆ ನೋವು ಎಲ್ಲಿ ಅಂತ ಡಾಕ್ಟರಿಗೆ ಹೇಳಲಿಕ್ಕೂ ಅವನೇ ಬೇಕು. ಭಾಷೆ ಬಾರದವನ ಬಾಯಿ ಇನ್ನೊಬ್ಬರ ಕೈಲಿ!

2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಒಂದನೇ ತರಗತಿಯಿಂದಲೇ ಕನ್ನಡ ಕಲಿಸಬೇಕೆನ್ನುತ್ತದೆ. ಸರಿಯೇ. ಆದರೆ ಅದು ಶಾಲೆಗೆ ಬಂದ ಮಗುವಿಗೆ. ಲೈನ್‌ಮನೆಯಲ್ಲಿರುವ ತಾಯಿಗೆ ಯಾರು?

"ಇವರಿಗೆ ಕನ್ನಡ ಬರಲ್ಲ" ಎಂದು ದೂರುವ ಯಜಮಾನರು ಮೊದಲು ಅವರೊಡನೆ ಕನ್ನಡ ಆಡಲಿ. ಬಟವಾಡೆ ದಿನ ಲೆಕ್ಕವನ್ನು ಎದುರಿಗೇ ಕನ್ನಡದಲ್ಲಿ ಎಣಿಸಿ ಕೊಡಲಿ. ಕೂಲಿಯ ಲೆಕ್ಕವನ್ನು ಬೇಗ ಕಲಿಯದವರು ಯಾರಿದ್ದಾರೆ?